ಅಕ್ಕನ ಗೋಡೆಯ ಥರ್ಮಾಮೀಟರ್

ಮೇ ೪, ಭಾನುವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ಈ ಪತ್ರವನ್ನು ತಪ್ಪೊಪ್ಪಿಗೆ ಹೇಳಿಕೆಯೆಂದೇ ಭಾವಿಸಬೇಕಾಗಿ ವಿನಂತಿ. ಭಾವನಿಗೂ ಹಾಗೆಯೇ ಭಾವಿಸಲು ಹೇಳು. ಕಳೆದ ತಿಂಗಳ ಹದಿನೇಳನೇ ತಾರೀಕು, ಬೆಳಗಿನ ಏಳೂಕಾಲಿನ ಹೊತ್ತಿಗೆ, ನೀನು ಅಡುಗೆಮನೆಯಲ್ಲಿ ಹಾಲು ಕಾಯಿಸುತ್ತಿದ್ದಾಗ, ಭಾವ ಬಚ್ಚಲಲ್ಲಿ ಹಾಡುತ್ತಿದ್ದಾಗ, ಸ್ವಸ್ಥ ಚಿತ್ತದಿಂದ, ಯಾರ ಒತ್ತಾಯವೂ ಇಲ್ಲದೆ, ನಿನ್ನ ನಡುಮನೆಯ ಗೋಡೆಯ ಮೇಲಿದ್ದ ಥರ್ಮಾಮೀಟರನ್ನು ಮೊಳೆಯಿಂದ ಬಿಡಿಸಿ, ಒಗೆಯಬೇಕಾಗಿದ್ದ ಕಾಲುಚೀಲದೊಳಗೆ ತುರುಕಿ, ನನ್ನ ಬ್ಯಾಗಿನ ತಳಕ್ಕೆ ಸೇರಿಸಿದವನು ನಾನೇ.

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಕಳ್ಳರು ಸಾಮಾನ್ಯವಾಗಿ ಉತ್ತರ ಬರೆಯುವುದಿಲ್ಲ; ಬರೆದರೂ ಸ್ವಲ್ಪ ತಡವಾಗುತ್ತದೆ, ಕ್ಷಮಿಸು. ಭಾವ ಅದನ್ನು ಬಿಡಿಭಾಗಕ್ಕೆಂದು ಬಿಚ್ಚಿಹಾಕಿರಬೇಕೆಂದು ನೀನು ಅವರ ಮೇಲೆ ಹರಿಹಾಯ್ದೆಯಂತೆ. ಎರಡು ದಿನ ಮಾತೂ ಬಿಟ್ಟಿದ್ದೆಯಂತೆ. ಪಾಪ, ನಲವತ್ತು ವರ್ಷ ಊರಿನವರ ಗಡಿಯಾರ ರಿಪೇರಿ ಮಾಡಿದ ಮನುಷ್ಯನಿಗೂ ಕಾಲ ಕೆಡುತ್ತದೆ ನೋಡು. ಅವರ ಪರವಾಗಿ ನಾನು ನಿನ್ನ ಕ್ಷಮೆ ಕೇಳುತ್ತೇನೆ, ನನ್ನ ಪರವಾಗಿ ನೀನು ಅವರ ಕ್ಷಮೆ ಕೇಳು.

ಕದ್ದ ಕಾರಣ ಹೇಳುತ್ತೇನೆ. ಇಲ್ಲಿ ನಾನು ನಕ್ಷೆ ಹಾಕಿ ಕಟ್ಟಿಸಿದ ಹೊಲಿಗೆಮನೆಯ ಥರ್ಮಾಮೀಟರಿಗೆ ಯಾರದೋ ಗಜಕಡ್ಡಿ ತಾಗಿ ಗಾಜು ಒಡೆದುಹೋಯಿತು. ಮಂಗಳವಾರ ಮಧ್ಯಾಹ್ನ ಮೂರಕ್ಕೆ ಕಟ್ಟಡವನ್ನು ಪರಿಶೀಲಿಸಲು ಸಮಿತಿಯವರು ಬರುತ್ತಾರೆ. ಅವರು ಒಪ್ಪಿದರೆ ಇದೇ ನಕ್ಷೆಯ ಮೇಲೆ ಹನ್ನೆರಡು ಊರುಗಳಲ್ಲಿ ಹನ್ನೆರಡು ಕಟ್ಟಡಗಳು. ಒಪ್ಪದಿದ್ದರೆ ಆ ಹನ್ನೆರಡೂ ಕಡೆ ಎಂದಿನ ತಗಡಿನ ಮಾಡು, ಕಬ್ಬಿಣದ ಬಾಗಿಲು. ತಗಡಿನ ಮಾಡಿನ ಕೆಳಗೆ ಬೆಳೆದ ನಮಗಿಬ್ಬರಿಗೆ ಅದನ್ನು ವಿವರಿಸಬೇಕಾಗಿಲ್ಲ. ನನ್ನ ಪರೀಕ್ಷೆಯ ದಿನಗಳಲ್ಲಿ ನೀನು ಕ್ಯಾಲೆಂಡರಿನ ರಟ್ಟು ಹಿಡಿದು ಮಧ್ಯಾಹ್ನವೆಲ್ಲ ನನಗೆ ಗಾಳಿ ಬೀಸುತ್ತಿದ್ದೆ. ನಾನು ರಟ್ಟನ್ನು ನಿನ್ನ ಕಡೆ ತಿರುಗಿಸಿದರೆ, "ನಂಗೆ ಶೆಖೆನೇ ಇಲ್ಲ ಕಣೋ, ನೀನು ಓದು" ಅನ್ನುತ್ತಿದ್ದೆ. ನಾನು ಈ ಕಸುಬಿಗೆ ಬಂದದ್ದು ಆ ರಟ್ಟಿನಿಂದಲೇ ಎಂದು ಭಾಷಣಗಳಲ್ಲಿ ಹೇಳುತ್ತಿರುತ್ತೇನೆ. ಚಪ್ಪಾಳೆ ಬೀಳುತ್ತದೆ.

ಹೊಲಿಗೆಮನೆಯನ್ನು ನೀನು ನೋಡಿಲ್ಲ. ಮೂವತ್ತು ಹೆಂಗಸರು, ಮೂವತ್ತು ಹೊಲಿಗೆ ಯಂತ್ರ, ನಾಲ್ಕು ಇಸ್ತ್ರಿಪೆಟ್ಟಿಗೆ. ಪಾಯ ತೋಡಿದ ಮಣ್ಣಿನಿಂದಲೇ ಇಟ್ಟಿಗೆ ಒತ್ತಿ ಕಟ್ಟಿದ ಒಂದೂವರೆ ಅಡಿ ದಪ್ಪದ ಗೋಡೆ. ನಡುವೆ ಸಣ್ಣ ಅಂಗಳ. ಪಶ್ಚಿಮಕ್ಕೆ ಒಂದು ಕಿಟಕಿಯೂ ಇಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಮೇಲಿನ ಗಾಳಿಯನ್ನು ಹಿಡಿದು ಕೆಳಗಿಳಿಸುವ ಒಂದು ಗೋಪುರ. ಅದಕ್ಕೆ ಮರ್ಯಾದಸ್ಥ ಹೆಸರೊಂದನ್ನು ಹುಡುಕಿ ಸೋತೆ. ಗಾಳಿಗೋಪುರವನ್ನು ಗಾಳಿಗೋಪುರ ಅನ್ನದೆ ಇನ್ನೇನು ಅನ್ನುವುದು? ಗಾಳಿಗೋಪುರ ಕಟ್ಟಬೇಡ ಎಂದು ಅಪ್ಪ ಬೈಯುತ್ತಿದ್ದರಲ್ಲ, ಈಗ ಅದಕ್ಕೇ ನನಗೆ ಸಂಬಳ.

ಉದ್ಘಾಟನೆಯ ದಿನ ನಾನು ಮೈಕು ಹಿಡಿದು ಘೋಷಿಸಿದ್ದೆ: "ಈ ಕಟ್ಟಡ ತಂಪಾಗಿರಲು ಒಂದು ತೊಟ್ಟು ನೀರು ಬೇಡ, ಒಂದು ಯೂನಿಟ್ ಕರೆಂಟ್ ಬೇಡ." ಗೋಪುರ ಕಟ್ಟಿದ ಮೇಸ್ತ್ರಿ ಆಗಲೇ ತಕರಾರು ತೆಗೆದಿದ್ದ. ತಲೆಗೆ ಟವೆಲ್ ಸುತ್ತಿಕೊಂಡು, ಎರಡು ಪದಕ್ಕೊಮ್ಮೆ ನಿಲ್ಲಿಸಿ ಮಾತಾಡುವ ಮನುಷ್ಯ. "ಗಾಳಿ ಬರತ್ತೆ ಸಾರ್. ಆದ್ರೆ ಅದು ಬಿಸಿಲಲ್ಲಿ ಬಂದಿರತ್ತೆ. ಬಂದೋರಿಗೆ ಒಂದು ಲೋಟ ನೀರಾದ್ರೂ ಕೊಡಬೇಕಲ್ವಾ?" ಅಂದ. ಈ ಊರಲ್ಲಿ ವಾರಕ್ಕೆರಡು ದಿನ ನಲ್ಲಿ ಬರುತ್ತದೆ, ಮನುಷ್ಯರಿಗೇ ನೀರಿಲ್ಲ, ಗಾಳಿಗೆ ಎಲ್ಲಿಂದ ತರಲಿ ಅಂದೆ. ಅವನು ಟವೆಲ್ ಬಿಚ್ಚಿ ಮತ್ತೆ ಸುತ್ತಿಕೊಂಡ. ಅದು ಅವನು ವಾದ ನಿಲ್ಲಿಸುವ ರೀತಿ, ಒಪ್ಪಿಕೊಳ್ಳುವ ರೀತಿಯಲ್ಲ.

ಆದರೆ ದಾಖಲೆ ನನ್ನ ಪರ. ಹೊಲಿಗೆಮನೆಯ ಮುಖ್ಯಸ್ಥೆಗೆ ನಾನು ಇಟ್ಟ ಹೆಸರು ಕತ್ತರಿಯಕ್ಕ. ಅವಳೆದುರಿಗೆ ಬಟ್ಟೆಯಾಗಲಿ ಮಾತಾಗಲಿ ಉದ್ದ ಬಿಡುವಂತಿಲ್ಲ. ಅವಳ ಪುಸ್ತಕದಲ್ಲಿ ಎರಡು ಬೇಸಿಗೆಯ ಲೆಕ್ಕವಿದೆ, ದಿನಕ್ಕೆ ಮೂರು ಸಲ: ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಇಪ್ಪತ್ತೆಂಟು. ಹೊರಗೆ ನಲವತ್ತೆರಡು! ನನಗೂ ಅವರಿಗೂ ಇರುವ ಜಗಳ ಒಂದೇ, ಬಟ್ಟೆ ಒಣಹಾಕುವುದರದ್ದು. ವಾಸ್ತುಶಿಲ್ಪದ ಪತ್ರಿಕೆಯವರು ಫೋಟೋ ತೆಗೆಯಲು ಬಂದ ದಿನ ಅಂಗಳದ ತುಂಬ ಒಳಲಂಗಗಳು ತೋರಣ ಕಟ್ಟಿದ್ದವು. ಮರುದಿನವೇ ನನ್ನ ಕೈಬರಹದಲ್ಲಿ ಬೋರ್ಡು ಹಾಕಿಸಿದೆ: "ಕಟ್ಟಡದ ಒಳಗೆ ಬಟ್ಟೆ ಒಣಹಾಕಬಾರದು."

ಇದಕ್ಕಿಂತ ದೊಡ್ಡ ಸಾಕ್ಷಿ ನೀನು. ನಿನ್ನ ಮನೆ ನನ್ನ ಮೊದಲ ಗೋಪುರ, ಇದೇ ಗೋಡೆ, ಇದೇ ಅಳತೆ. ಆರು ವರ್ಷದಿಂದ ನಿನ್ನ ಪ್ರತಿ ಪತ್ರದ ಕೊನೆಯ ಸಾಲು ಒಂದೇ: "ಮನೆ ತಂಪಾಗಿದೆ, ಇವತ್ತು ಇಪ್ಪತ್ತೆಂಟು." ಆ ಪತ್ರಗಳನ್ನೆಲ್ಲ ಒಂದು ಫೈಲಿಗೆ ಹಾಕಿಟ್ಟಿದ್ದೇನೆ, ಸಮಿತಿಗೆ ತೋರಿಸಲು. ನಿನ್ನ ಸೊಂಟನೋವಿನ ವಿವರಗಳ ಮೇಲೆ ಕಾಗದ ಅಂಟಿಸಿದ್ದೇನೆ, ಹೆದರಬೇಡ.

ಊಟಕ್ಕೆ ಕರೆಯುತ್ತಿದ್ದಾರೆ. ಈ ಪತ್ರವನ್ನು ಇಲ್ಲಿಗೇ ಮಡಿಸಿಡುತ್ತೇನೆ. ಮಂಗಳವಾರ ಗೆದ್ದು ಬಂದು ಮುಂದುವರಿಸುವೆ.

*

ಮೇ ೮, ಗುರುವಾರ

ಅಕ್ಕ, ಮುಂದುವರಿಸುತ್ತಿದ್ದೇನೆ. "ಗೆದ್ದು" ಎಂಬ ಪದವನ್ನು ಮೇಲೆ ಹೊಡೆದುಹಾಕಬೇಕೆಂದಿದ್ದೆ. ಪತ್ರ ಗಲೀಜಾಗುತ್ತದೆಂದು ಬಿಟ್ಟೆ.

ಎಲ್ಲಕ್ಕೂ ಕಾರಣ ನನ್ನ ಸ್ಕೂಟರಿನ ಹಿಂದಿನ ಚಕ್ರ. ಆ ಸ್ಕೂಟರ್ ಎರಡು ಬೀದಿ ಆಚೆಯಿಂದಲೇ ನನ್ನ ಆಗಮನವನ್ನು ಸಾರುತ್ತದೆ. ಮಂಗಳವಾರ ಅದು ಪಂಚರ್ ಆಗಿ, ನಾನು ಹನ್ನೆರಡು ಗಂಟೆಗೆ ಥರ್ಮಾಮೀಟರ್ ಹಿಡಿದುಕೊಂಡು ನಡೆದೇ ಹೊಲಿಗೆಮನೆಗೆ ಹೋದೆ. ಬಾಗಿಲಲ್ಲಿ ಕಾಜಾ ಹಾಕುತ್ತಾ ಕೂತಿದ್ದ ಹುಡುಗಿ ನನ್ನನ್ನು ಕಂಡವಳೇ ಕಿರುಚಿದಳು: "ಅಯ್ಯೋ, ಸಾರ್ ನಡ್ಕೊಂಡು ಬಂದ್ರು!" ನಾನು ನಡೆಯಬಲ್ಲೆ ಎಂಬುದು ಅಷ್ಟು ದೊಡ್ಡ ಸುದ್ದಿಯೇ ಎಂದುಕೊಳ್ಳುತ್ತಾ ಒಳಗೆ ಹೋದೆ.

ಗೋಪುರದ ಕೆಳಗೆ ಇಬ್ಬರು ಹೆಂಗಸರು ಹಗ್ಗ ಹಿಡಿದು ಜಗ್ಗುತ್ತಿದ್ದರು. ತಲೆ ಎತ್ತಿ ನೋಡಿದೆ. ನನ್ನ ಗೋಪುರದ ಹೊಟ್ಟೆಯಲ್ಲಿ, ಮೇಲಿನಿಂದ ಕೆಳಗಿನವರೆಗೆ, ಶಾಲೆಯ ಯೂನಿಫಾರಂನ ನೀಲಿ ಬಟ್ಟೆ ಜೋತುಬಿದ್ದಿತ್ತು. ಮಡಿಕೆ ಮಡಿಕೆಯಾಗಿ, ಒದ್ದೆಯಾಗಿ. ನನ್ನ ಹಣೆಯ ಮೇಲೆ ಒಂದು ಹನಿ ಬಿತ್ತು. ಒಂದು ತೊಟ್ಟು, ಲೆಕ್ಕ ಹಾಕಿದಂತೆ.

"ಏನಿದು?" ಅಂದೆ.

ಕತ್ತರಿಯಕ್ಕ ಕತ್ತರಿ ಕೆಳಗಿಟ್ಟಳು. "ಬಟ್ಟೆ ಸಾರ್. ಕತ್ತರಿಸೋ ಮುಂಚೆ ನೆನೆಸಿ ಒಣಗಿಸ್ಬೇಕು, ಇಲ್ದಿದ್ರೆ ಹೊಲಿದ ಮೇಲೆ ಕುಗ್ಗತ್ತೆ. ಮೊದಲ್ನೇ ಒಗೆತಕ್ಕೇ ಮಕ್ಕಳ ಚಡ್ಡಿ ಗಿಡ್ಡ ಆದ್ರೆ ಬೈಸ್ಕೊಳ್ಳೋರು ಯಾರು, ನೀವಾ? ಹೊರಗೆ ಹಾಕಿದ್ರೆ ಧೂಳು. ಒಳಗೆ ಹಾಕಬಾರ್ದು ಅಂತ ನಿಮ್ ಬೋರ್ಡು."

"ಅದಕ್ಕೆ ಗೋಪುರದಲ್ಲಿ ಹಾಕೋದಾ?"

"ಗೋಪುರ ಒಳಗೋ ಹೊರಗೋ ನೀವೇ ಹೇಳಿ ಸಾರ್. ಓದಿದೋರು."

"ಮೇಲೆ ಆ ರಾಟೆ ಹಾಕಿದ್ದು ಯಾರು?"

ಮೂಲೆಯಲ್ಲಿದ್ದ ಮೇಸ್ತ್ರಿ ಗೋಡೆಯನ್ನೇ ನೋಡತೊಡಗಿದ, ತಾನೇ ಕಟ್ಟಿದ್ದನ್ನು ಅವತ್ತೇ ಮೊದಲ ಸಲ ಕಂಡವನ ಹಾಗೆ.

ವಿಷಯ ಇಷ್ಟು. ಮೊದಲ ಬೇಸಿಗೆಯ ಶುರುವಿನಲ್ಲಿ, ಪುಸ್ತಕದಲ್ಲಿ ಲೆಕ್ಕ ಬರೆಯತೊಡಗುವ ಮೊದಲು, ಗೋಪುರದಿಂದ ಇಳಿದದ್ದು ಕುಲುಮೆಯ ಗಾಳಿ. ಕೆಳಗೆ ಕೂತವರಿಗೆ ತಲೆಸುತ್ತು ಬಂದು, ಅದರ ಬಾಯಿಗೆ ಗೋಣಿ ಕಟ್ಟಬೇಕೆಂದೇ ಮಾತಾಗಿತ್ತು. ಒಂದು ದಿನ ಹೊರಗೆ ಧೂಳೆದ್ದಿತೆಂದು ನೆನೆಸಿದ ಬಟ್ಟೆಯನ್ನು ಗೋಪುರದೊಳಕ್ಕೆ ಏರಿಸಿದರು. ಬಟ್ಟೆ ಒಂದೇ ಗಂಟೆಯಲ್ಲಿ ಒಣಗಿತು, ಕೆಳಗೆ ಕೂತವರಿಗೆ ಚಳಿ ಹಿಡಿಯಿತು. ಅವತ್ತಿನಿಂದ ದಿನಕ್ಕೆ ನಾಲ್ಕು ಕಂತಿನಲ್ಲಿ ಬಟ್ಟೆ ಏರುತ್ತದೆ, ಇಳಿಯುತ್ತದೆ. ನನ್ನ ಸ್ಕೂಟರಿನ ಸದ್ದು ಕೇಳಿದರೆ ಬೇಗ ಇಳಿಯುತ್ತದೆ. ಬಟ್ಟೆಗೆಂದು ಹೇಗೂ ಬಳಸುವ ನೀರು. ಗಾಳಿಗೆಂದು ಬೇರೆಯಾಗಿ ತಂದದ್ದಲ್ಲ.

"ಹಾಗಾದ್ರೆ ಪುಸ್ತಕದಲ್ಲಿ ಬರೆದ ಇಪ್ಪತ್ತೆಂಟು?"

"ಸುಳ್ಳಲ್ಲ ಸಾರ್. ಎಷ್ಟಿದೆ ಅಂತ ಬರೀರಿ ಅಂದ್ರಿ, ಬರೆದ್ವಿ. ಯಾಕಿದೆ ಅಂತ ನೀವು ಯಾವತ್ತೂ ಕೇಳ್ಲಿಲ್ಲ."

"ನೀವಾದ್ರೂ ನಂಗೆ ಹೇಳಬಹುದಿತ್ತಲ್ಲ?"

ಆ ಹೆಂಗಸು ಮೊದಲ ಸಲ ಸ್ವಲ್ಪ ಮೆತ್ತಗಾದಳು. "ಆವತ್ತು ಮೈಕಲ್ಲಿ ಎಷ್ಟು ಖುಷಿಯಾಗಿ ಹೇಳಿದ್ರಿ, ನೀರೇ ಬೇಡ ಅಂತ. ಪಾಪ, ಯಾಕೆ ಮನಸ್ಸು ನೋಯಿಸೋದು ಅಂತ ಸುಮ್ನಿದ್ವಿ."

ಮೂವತ್ತು ಯಂತ್ರಗಳೂ ನಿಂತಿದ್ದವು. ಮೂವತ್ತು ಜನ ನನ್ನ ಮನಸ್ಸು ನೋಯದಂತೆ ಎರಡು ವರ್ಷ ಹಗ್ಗ ಎಳೆದಿದ್ದಾರೆ. ಅಂಥ ಹೊತ್ತಿನಲ್ಲಿ ದೊಡ್ಡ ಮನುಷ್ಯನಾದವನು ನಗಬೇಕಿತ್ತು. ನಾನು, "ಬಟ್ಟೆ ಇಳಿಸಿ, ಬೋರ್ಡಿನ ಧೂಳು ಒರೆಸಿ, ಈ ಕಟ್ಟಡ ತನ್ನ ಸ್ವಂತ ಬಲದ ಮೇಲೆ ನಿಲ್ಲುತ್ತೆ" ಅಂದೆ.

ನಿಂತಿತು. ಕಟ್ಟಡ ನಿಲ್ಲುವುದರಲ್ಲಿ ಯಾವತ್ತೂ ತೊಂದರೆ ಇರಲಿಲ್ಲ. ತೊಂದರೆ ಒಳಗೆ ಕೂರುವವರದ್ದು. ಹನ್ನೆರಡೂವರೆಗೆ ನಿನ್ನ ಥರ್ಮಾಮೀಟರಿನಲ್ಲಿ ಇಪ್ಪತ್ತೊಂಬತ್ತಿತ್ತು. ಒಂದೂವರೆಗೆ ಮೂವತ್ತೆರಡು. ಮೂರಕ್ಕೆ ಮೂವತ್ತೈದು. ಗೋಪುರ ತನ್ನ ಕರ್ತವ್ಯವನ್ನು ಚಾಚೂ ತಪ್ಪದೆ ಮಾಡುತ್ತಿತ್ತು. ಹೊರಗಿನ ಬೆಂಕಿಯನ್ನು ಹಿಡಿಹಿಡಿದು ಒಳಗೆ ಕಳಿಸುತ್ತಿತ್ತು.

ಸಮಿತಿಯಲ್ಲಿ ಮೂವರು. ಇಬ್ಬರು ಗಂಡಸರು, ಬಂದವರೇ ಕುರ್ಚಿ ಹುಡುಕಿದರು. ಮೂರನೆಯವರು ಕನ್ನಡಕಕ್ಕೆ ದಾರ ಕಟ್ಟಿಕೊಂಡ ಹಿರಿಯ ಇಂಜಿನಿಯರಮ್ಮ, ನೆಟ್ಟಗೆ ಥರ್ಮಾಮೀಟರಿನ ಎದುರು ಹೋಗಿ ನಿಂತರು. ಪುಸ್ತಕ ತಿರುವಿದರು. ಮತ್ತೆ ಗೋಡೆ ನೋಡಿದರು.

"ಇದರಲ್ಲಿ ಇಪ್ಪತ್ತೆಂಟು, ಇಲ್ಲಿ ಮೂವತ್ತೈದು. ಯಾವುದನ್ನ ನಂಬಲಿ?"

ಆಗ ನಾನು ಫೈಲು ತೆಗೆದೆ. "ಮೇಡಂ, ಇವತ್ತು ಗಾಳಿಯ ದಿಕ್ಕು ಸರಿಯಿಲ್ಲ. ಒಂದು ದಿನದ ಮಾತು ಬಿಡಿ. ಇದೇ ನಕ್ಷೆಯಲ್ಲಿ ಕಟ್ಟಿದ ನಮ್ಮ ಅಕ್ಕನ ಮನೆ ಇದೆ. ನೀರಿಲ್ಲ, ಬಟ್ಟೆ... ಅಂದರೆ, ಏನೂ ಇಲ್ಲ. ಇಲ್ಲಿ ನೋಡಿ, ಆರು ವರ್ಷದ ದಾಖಲೆ."

ಅವರು ನಿನ್ನ ಪತ್ರಗಳನ್ನು ಒಂದೊಂದಾಗಿ ಓದಿದರು. ಏಪ್ರಿಲ್, ಇಪ್ಪತ್ತೆಂಟು. ಮೇ, ಇಪ್ಪತ್ತೆಂಟು. ಡಿಸೆಂಬರ್ ಬಂದಾಗ ಬೆರಳು ನಿಂತಿತು.

"ಚಳಿಗಾಲದಲ್ಲೂ ಇಪ್ಪತ್ತೆಂಟಾ?"

"ದಪ್ಪ ಗೋಡೆ, ಮೇಡಂ."

ಅವರು ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು. "ಒಳ್ಳೇ ಅಕ್ಕ," ಅಂದರು. ಅಷ್ಟೇ ಅಂದು ನಿನ್ನ ವಿಳಾಸ ಬರೆದುಕೊಂಡರು.

ಇಷ್ಟರಲ್ಲಿ ಕತ್ತರಿಯಕ್ಕನ ಸಹನೆ ಮುಗಿದಿತ್ತು. "ಮೇಡಂ, ಅರ್ಧ ಗಂಟೆ ಕೂತ್ಕೊಳಿ. ಸಾರ್, ನೀವೂ ಕೂತ್ಕೊಳಿ, ಮುಖ ಬಾಡಿದೆ" ಎಂದವಳೇ ತೊಟ್ಟಿಯಿಂದ ಬಟ್ಟೆ ಎತ್ತಿಸಿದಳು. ನಾಲ್ವರು ಹಗ್ಗ ಎಳೆದರು. ನೀಲಿ ಬಟ್ಟೆ ಸರಸರ ಮೇಲೇರಿತು. ಕೂತೆವು. ಇಸ್ತ್ರಿಪೆಟ್ಟಿಗೆಯ ಹತ್ತಿರವಿದ್ದವಳು ಮೊದಲು ಕುತ್ತಿಗೆ ಒರೆಸಿಕೊಳ್ಳುವುದನ್ನು ನಿಲ್ಲಿಸಿದಳು. ಕುರ್ಚಿಯ ಗಂಡಸರಲ್ಲಿ ಒಬ್ಬರಿಗೆ ನಿದ್ದೆ ಬಂತು. ಮೂರೂ ಮುಕ್ಕಾಲಿಗೆ ಮೂವತ್ತು.

ಇಂಜಿನಿಯರಮ್ಮ ಗೋಪುರದ ಕೆಳಗೆ ನಿಂತು ಮೇಲೆ ನೋಡಿದರು. ಕನ್ನಡಕದ ಮೇಲೆ ಹನಿ ಬಿತ್ತು, ಒರೆಸಿಕೊಳ್ಳಲಿಲ್ಲ. "ಇದನ್ನ ಡಿಸೈನ್ ಮಾಡಿದ್ದು ಯಾರು?"

ಮೇಸ್ತ್ರಿ ಟವೆಲ್ ಸರಿಮಾಡಿಕೊಂಡ. "ಡಿಸೈನ್ ಏನಿಲ್ಲ ಮೇಡಂ. ಬಟ್ಟೆ ಒಣಗಬೇಕಿತ್ತು."

"ಸರಿ. ಉಳಿದ ಹನ್ನೆರಡು ಊರಲ್ಲಿ ಬಟ್ಟೆ ನೆನೆಸೋರು ಇರಲ್ಲವಲ್ಲ?"

"ಏನೋ ಒಂದು ನೆನೆಸ್ತಾರೆ ಮೇಡಂ. ಒಂದೂರಲ್ಲಿ ಬುಟ್ಟಿ ಹೆಣೆಯೋ ಕಡ್ಡಿ. ಇನ್ನೊಂದೂರಲ್ಲಿ ಚಾಪೆ ಹುಲ್ಲು. ಕೇಳಿದ್ರೆ ಹೇಳ್ತಾರೆ. ಕೇಳಬೇಕು, ಅಷ್ಟೇ."

ಎರಡು ಪದಕ್ಕೊಮ್ಮೆ ನಿಲ್ಲಿಸುವ ಮನುಷ್ಯ ಅಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದ.

ತೀರ್ಮಾನ ಇದು. ಹನ್ನೆರಡಿಲ್ಲ, ಒಂದು. ಬುಟ್ಟಿಯವರ ಊರಿನಲ್ಲಿ. ನಾನೂ ಮೇಸ್ತ್ರಿಯೂ ಮೊದಲು ಒಂದು ತಿಂಗಳು ಅಲ್ಲಿ ಹೋಗಿ ಕೂರಬೇಕು. ಆ ತಿಂಗಳು ನಾನು ಒಂದು ಗೆರೆಯನ್ನೂ ಎಳೆಯಕೂಡದು. ಅದು ಸರಿಹೋದರೆ ಎರಡನೆಯದು. ಹೊರಡುವಾಗ ಇಂಜಿನಿಯರಮ್ಮ ನನ್ನ ಬೋರ್ಡಿನ ಎದುರು ನಿಂತು, "ಅಕ್ಷರ ಚೆನ್ನಾಗಿದೆ" ಅಂದರು. ಸಂಜೆಗೆ ಕತ್ತರಿಯಕ್ಕ ಅದನ್ನು ಇಳಿಸಿ ಮಗುಚಿ, ಅದರ ಬೆನ್ನ ಮೇಲೆ ಕತ್ತರಿಸುವ ಅಳತೆಗಳನ್ನು ಬರೆದುಕೊಂಡಳು.

ಅವಮಾನವಾಯಿತೇ ಎಂದು ಕೇಳುತ್ತೀ. ನಿನ್ನ ಥರ್ಮಾಮೀಟರಿನಲ್ಲಿ ಹೇಳುವುದಾದರೆ ಮೂವತ್ತೈದಕ್ಕೇರಿ ಮೂವತ್ತಕ್ಕೆ ಇಳಿದಿದೆ. ಆದರೂ ತಲೆ ಎತ್ತಿ ನಡೆಯಲು ನನಗೊಂದು ಮನೆ ಉಳಿದಿದೆಯಲ್ಲ, ನಿನ್ನದು. ಅಲ್ಲಿ ಬಟ್ಟೆಯಿಲ್ಲ, ಹಗ್ಗವಿಲ್ಲ, ಗುಟ್ಟಿಲ್ಲ. ಜೂನ್ ಎರಡನೇ ವಾರ ಇಂಜಿನಿಯರಮ್ಮ ನಿನ್ನ ಮನೆ ನೋಡಲು ಬರುತ್ತಾರಂತೆ. ಥರ್ಮಾಮೀಟರನ್ನು ಇದರ ಜೊತೆಗೇ ಹತ್ತಿಯಲ್ಲಿ ಸುತ್ತಿ ಕಳಿಸುತ್ತಿದ್ದೇನೆ. ಅದೇ ಮೊಳೆಗೆ ಹಾಕು.

ಭಾವನಿಗೆ ನಮಸ್ಕಾರ. ಅವರ ಗಡಿಯಾರಗಳು ನಡೆಯುತ್ತಿರಲಿ, ನಿನ್ನ ಸೊಂಟ ಬಾಗದಿರಲಿ, ಇಬ್ಬರೂ ಒಬ್ಬರನ್ನೊಬ್ಬರು ಬೈದುಕೊಂಡು ನೂರು ವರ್ಷ ಇರಿ. ಹರಸುವ ಹಕ್ಕು ನಿನ್ನದು, ಗೊತ್ತು. ಈ ಸಲ ನಾನೇ ಹರಸುತ್ತಿದ್ದೇನೆ.

ನಿನ್ನ ತಮ್ಮ,
ಗಾಳಿಪಟ
(ನೀನಿಟ್ಟ ಹೆಸರು. ದಾರ ಈಗಲೂ ನಿನ್ನ ಕೈಯಲ್ಲೇ ಇದೆ.)

*

ಅಂಟಿಸಿದ ಲಕೋಟೆಯನ್ನು ಬಿಡಿಸಿ ಇದಿಷ್ಟು ಸೇರಿಸುತ್ತಿದ್ದೇನೆ.

ಮೇಲೆ ಬರೆದ ಕಳ್ಳತನದ ಕಾರಣ ಸುಳ್ಳು. ಥರ್ಮಾಮೀಟರು ನಮ್ಮ ಬೀದಿಯ ಮೂಲೆಯ ಅಂಗಡಿಯಲ್ಲೇ ಸಿಗುತ್ತದೆ.

ಹದಿನಾರನೇ ತಾರೀಕು ಸಂಜೆ ಆರರ ಬಸ್ಸಿಗೆ ಬರುತ್ತೇನೆಂದು ಬರೆದಿದ್ದೆನಲ್ಲ, ನಾನು ಬಂದದ್ದು ಮಧ್ಯಾಹ್ನ ಒಂದಕ್ಕೆ. ಬೀಗ ಹಾಕಿತ್ತು. ಕೀಲಿ ನೀನಿಡುವ ಜಾಗದಲ್ಲೇ ಇತ್ತು. ನಡುಮನೆಯಲ್ಲಿ ಮೂವತ್ತೊಂಬತ್ತು. ಎರಡು ನಿಮಿಷ ನಿಲ್ಲಲಾಗದೆ, ತಣ್ಣಗೆ ಏನಾದರೂ ಕುಡಿಯೋಣವೆಂದು ಮುಖ್ಯರಸ್ತೆಗೆ ಹೋದೆ. ಅಲ್ಲಿಯ ಬ್ಯಾಂಕಿನ ಗಾಜಿನ ಹಿಂದೆ ನೀವಿಬ್ಬರೂ ಕೂತಿದ್ದಿರಿ. ನೀನು ಮಡಿಲಲ್ಲಿ ಬಟಾಣಿ ಸುಲಿಯುತ್ತಿದ್ದೆ, ಭಾವ ಕೈಯಲ್ಲಿ ಟೋಕನ್ ಹಿಡಿದು ತೂಕಡಿಸುತ್ತಿದ್ದರು.

ಬಾಗಿಲ ಕಾವಲಿನವನನ್ನು ಕೇಳಿದೆ. "ಅವ್ರಾ? ಬೇಸಿಗೆ ಪೂರ್ತಿ ದಿನಾ ಬರ್ತಾರೆ ಸಾರ್. ಇಲ್ಲಿ ಏಸಿ ಇದೆಯಲ್ಲ. ಮೇಲಿನ ಆ ಗಡಿಯಾರ ಸರಿಮಾಡಿದ್ದು ಯಜಮಾನ್ರೇ, ಮ್ಯಾನೇಜರ್ ಏನೂ ಅನ್ನಲ್ಲ. ಮನೆ ಕಟ್ಟಿಕೊಟ್ಟೋನು ಅಮ್ಮನ ತಮ್ಮ ಅಂತೆ, ದೊಡ್ಡ ಇಂಜಿನಿಯರ್ ಅಂತೆ. ಅದಕ್ಕೇ ಯಾರ ಹತ್ರನೂ ಹೇಳಂಗಿಲ್ಲ ಅಂತಾರೆ, ನೀವೂ ಹೇಳ್ಬೇಡಿ."

ಹೇಳಲಿಲ್ಲ. ಸಂಜೆ ಆರಕ್ಕೆ ಹೊಸದಾಗಿ ಬಂದವನಂತೆ ಬೆಲ್ ಒತ್ತಿದೆ. "ಬಾ ಬಾ, ಹೊರಗೆ ಎಷ್ಟು ಬಿಸಿ, ಒಳಗೆ ತಂಪಾಗಿ ಕೂತ್ಕೋ" ಅಂದೆ ನೀನು. "ನಾನು ಕಟ್ಟಿದ ಮನೆ ಅಂದ್ರೆ ಸುಮ್ನೇನಾ?" ಅಂದೆ ನಾನು. ಮರುದಿನ ಬೆಳಿಗ್ಗೆ, ಆ ಮನೆಯಲ್ಲಿ ಸುಳ್ಳು ಹೇಳದ ವಸ್ತು ಥರ್ಮಾಮೀಟರೊಂದೇ ಎಂದು ಅದನ್ನು ಎತ್ತಿಕೊಂಡು ಹೋದೆ. ಇಷ್ಟೆಲ್ಲ ಗೊತ್ತಿದ್ದೂ ಮಂಗಳವಾರ ನಿನ್ನ ಪತ್ರಗಳನ್ನು ಸಮಿತಿಯೆದುರು ಬಿಚ್ಚಿದೆ.

ಇಂಜಿನಿಯರಮ್ಮ ಬಂದಾಗ ಇಪ್ಪತ್ತೆಂಟು ಅನ್ನಬೇಡ. ಅವರಿಗಿಂತ ಮೊದಲು ನಾನೂ ಮೇಸ್ತ್ರಿಯೂ ಬರುತ್ತೇವೆ; ನಿನ್ನ ಮನೆಯಲ್ಲಿ ನೀನು ಏನು ನೆನೆಸುತ್ತೀ, ಏನು ಒಣಗಿಸುತ್ತೀ ಎಂದು ಅವನು ಕೇಳುತ್ತಾನೆ. ನಾನು ಸುಮ್ಮನೆ ಕೂರುತ್ತೇನೆ.

ಇನ್ನೊಂದಿದೆ. ಆ ಕಾವಲಿನವನ ಹತ್ತಿರ ಮಾತಾಡಿದ ಮೇಲೆ ನಾನು ಹೊರಟುಹೋಗಲಿಲ್ಲ. ಟೋಕನ್ ತೆಗೆದುಕೊಂಡು, ಹಿಂದಿನ ಸಾಲಿನಲ್ಲಿ, ಮುಖಕ್ಕೆ ಪೇಪರ್ ಅಡ್ಡ ಹಿಡಿದು ಕೂತೆ. ನೀವಿಬ್ಬರೂ ನಾಲ್ಕಕ್ಕೆ ಎದ್ದು ಹೋದ ಮೇಲೂ ಅರ್ಧ ಗಂಟೆ ಅಲ್ಲೇ ಇದ್ದೆ. ತುಂಬಾ ತಂಪಾಗಿತ್ತು, ಅಕ್ಕ.